ಸೋಲ್, ಹಿಪ್-ಹಾಪ್ ಆಲ್ಬಮ್ ಹುಡುಕಲು ನಾಲ್ಕು ದಾರಿ: ಮಂಡ್ಯ–ಮೈಸೂರು ರೈಲಿನಲ್ಲಿ ಕೇಳಿ ನೋಡಿದ್ದು

ನನ್ನ ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಹೋಗುತ್ತಾ ಒಂದು, ಬರುತ್ತಾ ಒಂದು, ದಿನಕ್ಕೆ ಎರಡು ಗಂಟೆ ಪೂರ್ತಿ ನನ್ನದೇ. ಆ ಹೊತ್ತಿನಲ್ಲಿ ನಾನು ಸೋಲ್, ಹಿಪ್-ಹಾಪ್ ಆಲ್ಬಮ್ ಕೇಳುತ್ತೇನೆ. ಸೋಲ್ ಅಂದರೆ ಅಮೆರಿಕದ ಕಪ್ಪು ಜನರ ಭಾವ ತುಂಬಿದ ಹಾಡುಗಾರಿಕೆ, ಹಿಪ್-ಹಾಪ್ ಅಂದರೆ ತಾಳದ ಮೇಲೆ ಮಾತನ್ನು ಲಯವಾಗಿ ಹೇಳುವ ರ‍್ಯಾಪ್‌ನ ಸಂಗೀತ. ಬಿಡಿ ಹಾಡಲ್ಲ, ಮೊದಲ ಹಾಡಿನಿಂದ ಕೊನೆಯದರವರೆಗೆ ಇಡೀ ಆಲ್ಬಮ್. ಅಮೆರಿಕದ ಸೋಲ್ ಗಾಯಕ ಮಾರ್ವಿನ್ ಗೇ 1971ರಲ್ಲಿ ಮಾಡಿದ ‘ವಾಟ್ಸ್ ಗೋಯಿಂಗ್ ಆನ್’ ಮಂಡ್ಯ ಬಿಡುವಾಗ ಹಾಕಿದರೆ ಶ್ರೀರಂಗಪಟ್ಟಣದ ಹೊತ್ತಿಗೆ ಮುಗಿಯುತ್ತದೆ. 35 ನಿಮಿಷ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಅದರೊಳಗೆ ಬಂದು ಸೇರಿಕೊಳ್ಳುತ್ತದೆ. ಇಂಥದ್ದನ್ನು ತುಂಡು ಮಾಡಿ ಕೇಳಲು ನನಗೆ ಮನಸ್ಸು ಬರುವುದಿಲ್ಲ.

ಗೊತ್ತಿರುವ ಆಲ್ಬಮ್‌ಗಳು ಮುಗಿದ ಮೇಲೆ ಮುಂದಿನದು ಎಲ್ಲಿ ಸಿಗುತ್ತದೆ? ಯುಗಾದಿ ಕಳೆದ ಮೇಲೆ ನಾಲ್ಕು ದಾರಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಒಂದೊಂದಕ್ಕೂ ಐದಾರು ವಾರ. ಅಳತೆ ಒಂದೇ ಇಟ್ಟುಕೊಂಡಿದ್ದೆ. ಕೇಳಿ ಒಂದು ತಿಂಗಳಾದ ಮೇಲೆ, ಯಾರೂ ನೆನಪಿಸದೆ, ನಾನಾಗಿಯೇ ಆ ಆಲ್ಬಮ್ ಮತ್ತೆ ಹಾಕಿಕೊಂಡೆನಾ? ಹಾಕಿಕೊಂಡಿದ್ದರೆ ಅದು ನನಗೆ ಸಿಕ್ಕಿದ ಆಲ್ಬಮ್. ಇಲ್ಲದಿದ್ದರೆ ಸುಮ್ನೆ ಕಿವಿಯ ಮೇಲೆ ಹಾದುಹೋದದ್ದು.

ಮೊದಲನೆಯದು, ಹಾಡಿನ ಆ್ಯಪ್ ತಾನೇ ಮಾಡಿಕೊಡುವ ಪಟ್ಟಿ. ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ನಾವು ಯಾವುದನ್ನು ಪೂರ್ತಿ ಕೇಳಿದೆವು, ಯಾವುದನ್ನು ನಡುವೆ ಬಿಟ್ಟೆವು ಅಂತ ನೋಡುತ್ತದೆ. ನಮ್ಮ ಹಾಗೇ ಕೇಳುವ ಬೇರೆಯವರಿಗೆ ಏನು ಹಿಡಿಸಿತೋ ಅದನ್ನು ನಮಗೂ ಬಡಿಸುತ್ತದೆ. ಹಾಗಾಗಿ ಬಂದ ಹಾಡು ಯಾವುದೂ ಕೆಟ್ಟದಾಗಿರಲಿಲ್ಲ. ಆದರೆ ಅದು ತಂದುಕೊಡುವುದು ಹಾಡನ್ನು, ಆಲ್ಬಮ್ಮನ್ನಲ್ಲ.

ಹಿಪ್-ಹಾಪ್‌ಗೆ ಸಂಗೀತ ಕಟ್ಟುತ್ತಿದ್ದ ಅಮೆರಿಕದ ಜೆ ಡಿಲ್ಲಾ ಅವರ ‘ಡೋನಟ್ಸ್’ ನನಗೆ ಮೊದಲು ಸಿಕ್ಕಿದ್ದು ಹೀಗೇ. ಒಂದು ನಿಮಿಷ ಚಿಲ್ಲರೆಯ ಒಂದು ತುಣುಕು. ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದು, ಬೇರೆ ಯಾರದೋ ಹಾಡು ಬಂತು. ಏನೂ ಅನ್ನಿಸಲಿಲ್ಲ. ತಿಂಗಳುಗಳ ಮೇಲೆ ಇಡಿಯಾಗಿ ಕೇಳಿದಾಗ ಮೈ ಜುಮ್ಮೆಂದಿತು. ಅದರಲ್ಲಿ 31 ತುಣುಕುಗಳಿವೆ. ಮೊದಲನೆಯದರ ಹೆಸರಿನಲ್ಲಿ ‘ಔಟ್ರೋ’ ಅಂದರೆ ಮುಕ್ತಾಯ ಅಂತಿದೆ, ಕೊನೆಯದರಲ್ಲಿ ‘ಇಂಟ್ರೋ’ ಅಂದರೆ ಆರಂಭ. ಕೊನೆ ಹೋಗಿ ಮೊದಲಿಗೆ ಕೂಡಿಕೊಳ್ಳುತ್ತದೆ, ಬಳೆಯ ಹಾಗೆ. 2006ರ ಫೆಬ್ರವರಿ 7ರಂದು, ಅವರ 32ನೇ ಹುಟ್ಟುಹಬ್ಬದ ದಿನ ಅದು ಹೊರಬಂತು. ಮೂರು ದಿನಕ್ಕೆ ಅವರು ತೀರಿಕೊಂಡರು. ಇದು ಗೊತ್ತಿದ್ದು, ಕ್ರಮವಾಗಿ ಕೇಳಿದರೆ ಅದೇ ತುಣುಕು ಬೇರೆಯೇ ಆಗಿ ಕೇಳುತ್ತದೆ.

ಎರಡನೆಯದು, ವಿಮರ್ಶಕರು ವರ್ಷದ ಕೊನೆಗೆ ಹಾಕುವ ಪಟ್ಟಿಗಳು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಮೂರು ಪಟ್ಟಿ ಪಕ್ಕಪಕ್ಕ ಇಟ್ಟರೆ ಮೇಲಿನ ಹೆಸರುಗಳು ಬಹುಪಾಲು ಒಂದೇ. ಆಲ್ಬಮ್ ಕೇಳುವ ಮೊದಲೇ ಅದು ಯಾಕೆ ದೊಡ್ಡದು ಅಂತ ಓದಿಬಿಟ್ಟಿರುತ್ತೇವೆ, ಆಮೇಲೆ ನಮ್ಮ ಕಿವಿ ಅದನ್ನೇ ಹುಡುಕುತ್ತದೆ. ಪಟ್ಟಿಯ ಕೆಳಗಿನ ಅರ್ಧ ಮಾತ್ರ ನನಗೆ ಉಪಯೋಗಕ್ಕೆ ಬಂತು.

ಮೂರನೆಯದು ನನ್ನ ಅಕ್ಕನ ಮಗ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಹಿಪ್-ಹಾಪ್ ಅಂದರೆ ಪ್ರಾಣ. ಆರು ವಾರ ಅವನು ಹೇಳಿದ್ದನ್ನೇ ಕೇಳಿದೆ. ಒಂದು ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗ ಅಂದ, “ಮಾವ, ಲಿಟ್ಲ್ ಸಿಮ್ಸ್ ಕೇಳಿ. ಮೊದಲ್ನೇ ಹಾಡೇ ಜಂಬೂಸವಾರಿ ಬ್ಯಾಂಡ್ ಬಂದಂಗೆ ಬರುತ್ತೆ. ಆಮೇಲೆ ನಿಲ್ಸೋಕೇ ಆಗಲ್ಲ ನಿಮಗೆ.” ಲಂಡನ್ನಿನ ಹುಡುಗಿ, 2021ರ ‘ಸಮ್‌ಟೈಮ್ಸ್ ಐ ಮೈಟ್ ಬಿ ಇಂಟ್ರೋವರ್ಟ್’ ಆಲ್ಬಮ್. ಮರುವರ್ಷ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂದದ್ದು ಅದಕ್ಕೇ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ನಗಾರಿಯಂಥ ಡ್ರಮ್ಮು, ತುತ್ತೂರಿ, ಅದರ ಹಿಂದಿನಿಂದ ಸಣ್ಣ ಗಟ್ಟಿ ದನಿ. ಯಾವ ಆ್ಯಪ್ಪೂ ನನಗೆ ಜಂಬೂಸವಾರಿ ನೆನಪಿಸಿ ಆಲ್ಬಮ್ ಕೊಡಲಾರದು, ಅಲ್ವಾ? ನನ್ನ ಬಾಲ್ಯ ಗೊತ್ತಿರುವವರು ಕೊಟ್ಟದ್ದರಲ್ಲಿ ಈ ಶಕ್ತಿ ಇದೆ. ಆದರೆ ಅವನಿಗೆ ರ‍್ಯಾಪ್ ಮೇಲೆ ಇರುವ ಒಲವು ಸೋಲ್ ಮೇಲಿಲ್ಲ. ಪರೀಕ್ಷೆ ಬಂದರೆ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ.

ನಾಲ್ಕನೆಯದು ಅವನು ಕೊಟ್ಟ ಆ ಆಲ್ಬಮ್ಮಿನಿಂದಲೇ ತೆರೆದುಕೊಂಡಿತು. ಇಷ್ಟವಾದ ಆಲ್ಬಮ್ಮಿನಲ್ಲಿ ಯಾರು ಯಾರು ಕೆಲಸ ಮಾಡಿದ್ದಾರೆ ಅಂತ ಹೆಸರು ಓದುವುದು. ಹಾಡಿದವರ ಹೆಸರಲ್ಲ, ತಗ್ಗು ಸ್ವರದ ತಂತಿವಾದ್ಯ ಬೇಸ್ ನುಡಿಸಿದವರು, ಡ್ರಮ್ ಬಾರಿಸಿದವರು, ಧ್ವನಿ ಕಟ್ಟಿದ ಪ್ರೊಡ್ಯೂಸರ್. ಆ್ಯಪ್‌ನಲ್ಲಿ ಕೆಲವು ಹೆಸರು ಇರುತ್ತವೆ. ಪೂರ್ತಿ ಬೇಕಾದರೆ ಹಳೆಯ ರೆಕಾರ್ಡುಗಳ ಹೊದಿಕೆಯ ಮೇಲಿದ್ದದ್ದನ್ನು ಜನ ಸೇರಿ ದಾಖಲಿಸಿರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ನೋಡಬಹುದು.

ಸಿಮ್ಸ್ ಆಲ್ಬಮ್ಮಿನ ಪ್ರೊಡ್ಯೂಸರ್ ಇನ್‌ಫ್ಲೋ. ಅದೇ ಹೆಸರು ಹಿಡಿದು ಹೋದರೆ ಮೈಕಲ್ ಕಿವಾನುಕಾ ಅವರ 2019ರ ‘ಕಿವಾನುಕಾ’ ಸಿಕ್ಕಿತು. ರ‍್ಯಾಪ್ ಬಿಟ್ಟು ನೇರ ಸೋಲ್‌ಗೆ ಬಂದಿದ್ದೆ, ಆದರೂ ಅದೇ ಮನೆಯ ಗಾಳಿ. ಸಿಮ್ಸ್ ಆಲ್ಬಮ್ಮಿನ ‘ವುಮನ್’ ಹಾಡಿನಲ್ಲಿ ಜೊತೆಗೆ ಹಾಡಿರುವವರು ಕ್ಲಿಯೋ ಸೋಲ್. ಅವರದೇ ‘ಮದರ್’ ಅದೇ 2021ರದು, ತಾಯಿಯಾದ ಹೊಸತರಲ್ಲಿ ಮಾಡಿದ್ದು. ಬೆಳಗಿನ ರೈಲಿನಲ್ಲಿ ಕಿಟಕಿಯ ಆಚೆ ಕಬ್ಬಿನ ಗದ್ದೆ ಓಡುತ್ತಿರುವಾಗ ಅದನ್ನು ಕೇಳಿದ್ದು ನನಗೆ ಈ ವರ್ಷದ ದೊಡ್ಡ ಸುಖ. ಕ್ಲಿಯೋ ಸೋಲ್, ಇನ್‌ಫ್ಲೋ ಇಬ್ಬರೂ ಇರುವ ತಂಡ ಸಾಲ್ಟ್. 2021ರ ಅವರ ಒಂದು ಆಲ್ಬಮ್ 99 ದಿನ ಮಾತ್ರ ಸಿಗುವಂತೆ ಬಿಟ್ಟಿದ್ದರು. 2022ರ ನವೆಂಬರ್‌ನಲ್ಲಿ ಒಂದೇ ಸಲಕ್ಕೆ ಐದು ಆಲ್ಬಮ್ ಬಿಟ್ಟರು! ಒಂದು ಹೆಸರು ಎಳೆದದ್ದಕ್ಕೆ ಇಷ್ಟೂ ಬಂತು.

ಹೆಸರು ಇಷ್ಟು ಮುಖ್ಯ ಅಂತ ನನಗೆ ಮನದಟ್ಟಾಗಿದ್ದು ‘ವಾಟ್ಸ್ ಗೋಯಿಂಗ್ ಆನ್’ನಿಂದಲೇ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯಲ್ಲಿ ವರ್ಷಾನುಗಟ್ಟಲೆ ಹಿಟ್ ಹಾಡುಗಳಿಗೆ ವಾದ್ಯ ನುಡಿಸಿದವರು ಫಂಕ್ ಬ್ರದರ್ಸ್. ಅವರ ಹೆಸರು ಆಲ್ಬಮ್ ಹೊದಿಕೆಯ ಮೇಲೆ ಬರುತ್ತಲೇ ಇರಲಿಲ್ಲ. ಮೊದಲ ಸಲ ಅಚ್ಚಾಗಿದ್ದು ಮಾರ್ವಿನ್ ಗೇ ಅವರ ಈ ಆಲ್ಬಮ್ಮಿನಲ್ಲಿ. ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಹೆಸರು ಅಲ್ಲಿ ಓದಿದ ಮೇಲೆ ಆ ಬೇಸ್ ನನಗೆ ಇನ್ನೂ ಹತ್ತಿರವಾಯಿತು. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನುವ ಹಿಪ್-ಹಾಪ್ ತಂಡದ 1991ರ ‘ದ ಲೋ ಎಂಡ್ ಥಿಯರಿ’ಯಲ್ಲಿ ಒಂದು ಹಾಡಿಗೆ ಬೇಸ್ ನುಡಿಸಿರುವವರು ರಾನ್ ಕಾರ್ಟರ್, 60ರ ದಶಕದಲ್ಲಿ ಮೈಲ್ಸ್ ಡೇವಿಸ್ ತಂಡದಲ್ಲಿದ್ದ ಜಾಝ್ ವಾದಕ. ಅಲ್ಲಿಂದ ಜಾಝ್ ಕಡೆಗೂ ಒಂದು ಬಾಗಿಲು ತೆರೆಯಿತು.

ಈ ದಾರಿಯಲ್ಲಿ ನನಗೆ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಹೆಚ್ಚಿನದು ‘ವೂಡೂ’. ಅಮೆರಿಕದ ಗಾಯಕಿ ಲಾರಿನ್ ಹಿಲ್ ಅವರ 1998ರ ಆಲ್ಬಮ್ಮಿನಲ್ಲಿ ‘ನಥಿಂಗ್ ಈವನ್ ಮ್ಯಾಟರ್ಸ್’ ಅನ್ನುವ ಹಾಡಿದೆ. ಅದರಲ್ಲಿ ಜೊತೆ ದನಿ ಡಿ’ಏಂಜಲೊ ಅವರದು. ಆ ದನಿಯ ಹಿಂದೆ ಹೋಗಿ ಅವರ 2000ದ ‘ವೂಡೂ’ಗೆ ಬಂದೆ. ಡ್ರಮ್ಸ್ ಕ್ವೆಸ್ಟ್‌ಲವ್, ಬೇಸ್ ಪೀನೋ ಪಲಾಡಿನೋ. ಮೊದಲ ಸಲ ಕೇಳಿದಾಗ ತಾಳ ಜಾರುತ್ತಿದೆ ಅನ್ನಿಸಿತು. ಪೆಟ್ಟು ಬೀಳಬೇಕಾದ ಕಡೆ ಬೀಳುವುದಿಲ್ಲ, ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಮೈಸೂರಿನ ಸಂಗೀತ ಕಚೇರಿಗಳಲ್ಲಿ ಕೂತು ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ತಾಳದ ಆಚೆ ಈಚೆ ಬರುವುದನ್ನು ಕೇಳಿದವರಿಗೆ ಈ ಖುಷಿ ಬೇಗ ಹಿಡಿಸುತ್ತದೆ. ಎರಡೂ ಒಂದೇ ಅಲ್ಲ, ಆದರೆ ತೊಡೆಯ ಮೇಲೆ ತಾಳ ಹಾಕುತ್ತಾ ಕಾಯುವ ಆ ಕ್ಷಣ ಒಂದೇ. ಈ ಜಾರು ನಡೆಯನ್ನು ಕ್ವೆಸ್ಟ್‌ಲವ್ ಕಲಿತದ್ದು ಯಾರಿಂದ ಗೊತ್ತಾ? ಅದೇ ಜೆ ಡಿಲ್ಲಾ. ಆ್ಯಪ್ ತುಣುಕಾಗಿ ಕೊಟ್ಟು ಕಳೆದುಹೋಗಿದ್ದವರು ಇಲ್ಲಿ ಮತ್ತೆ ಸಿಕ್ಕಿದರು. ನಾನು ‘ಡೋನಟ್ಸ್’ ಇಡಿಯಾಗಿ ಕೇಳಿದ್ದು ಆಮೇಲೆಯೇ. ಡಿ’ಏಂಜಲೊ 2025ರ ಅಕ್ಟೋಬರ್‌ನಲ್ಲಿ, 51ನೇ ವಯಸ್ಸಿಗೆ ತೀರಿಕೊಂಡರು. ಜೀವಮಾನದಲ್ಲಿ ಹೊರತಂದ ಸ್ಟುಡಿಯೋ ಆಲ್ಬಮ್ ಮೂರೇ ಮೂರು.

ಈ ದಾರಿಗೂ ಕೊರತೆ ಇದೆ. ಸಮಯ ಬೇಕು. ದಣಿದ ಸಂಜೆ ಹೆಸರು ಓದುತ್ತಾ ಕೂರಲು ಆಗುವುದಿಲ್ಲ. ಇನ್ನೊಂದು, ಅದು ನಮ್ಮನ್ನು ಹಿಂದಕ್ಕೇ ಕರೆದುಕೊಂಡು ಹೋಗುತ್ತದೆ. ಈ ತಿಂಗಳು ಹೊಸದಾಗಿ ಬಂದವರ ಸುದ್ದಿ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಅಕ್ಕನ ಮಗನೇ ಬೇಕು.

ತಿಂಗಳ ಅಳತೆಯಲ್ಲಿ ನೋಡಿದರೆ, ಆ್ಯಪ್ ಪಟ್ಟಿಯಿಂದ ಉಳಿದದ್ದು ಒಂದೂ ಇಲ್ಲ. ವಿಮರ್ಶಕರ ಪಟ್ಟಿಯಿಂದ ಒಂದು. ಹುಡುಗನಿಂದ ಎರಡು. ಹೆಸರುಗಳ ದಾರಿಯಿಂದ ಆರು. ಆದರೂ ಸೋಲ್ ಸಂಗೀತ ಈಗಷ್ಟೇ ಕೇಳಲು ಶುರು ಮಾಡುವವರಿಗೆ ನಾನು ಇದ್ಯಾವುದನ್ನೂ ಮೊದಲು ಹೇಳುವುದಿಲ್ಲ. ಅಮೆರಿಕದ ಎನ್‌ಪಿಆರ್ ರೇಡಿಯೋ 2008ರಿಂದ ತನ್ನ ಆಫೀಸಿನ ಮೇಜಿನ ಹಿಂದೆ ನಡೆಸುವ ‘ಟೈನಿ ಡೆಸ್ಕ್’ ವಿಡಿಯೋಗಳನ್ನು ಯೂಟ್ಯೂಬ್‌ನಲ್ಲಿ ನೋಡಿ. 2016ರದ್ದು ಆ್ಯಂಡರ್ಸನ್ ಪಾಕ್ ಅವರದು ಇದೆ. ಡ್ರಮ್ ಬಾರಿಸುತ್ತಲೇ ಹಾಡುತ್ತಾರೆ, ನೋಡಿದರೆ ನಮ್ಮ ಮುಖದಲ್ಲೂ ನಗು ಬರುತ್ತದೆ. ಅದು ಹಿಡಿಸಿದರೆ ಅದೇ ವರ್ಷದ ಅವರ ‘ಮಾಲಿಬು’ ಪೂರ್ತಿ ಕೇಳಿ, ಆಮೇಲೆ ಹೆಸರುಗಳ ಕಡೆ ಬನ್ನಿ.

ದಾರಿಯಲ್ಲಿ ಅಲ್ಲಲ್ಲಿ ಸಿಗ್ನಲ್ ಹೋಗುತ್ತದೆ, ಹಾಗಾಗಿ ನಾನು ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತೇನೆ. ನಾಳೆ ಬೆಳಗಿನ ರೈಲಿಗೆ ಇಟ್ಟಿರುವುದು ಪೀನೋ ಪಲಾಡಿನೋ ಗೆಳೆಯ ಬ್ಲೇಕ್ ಮಿಲ್ಸ್ ಜೊತೆ 2021ರಲ್ಲಿ ಮಾಡಿದ ‘ನೋಟ್ಸ್ ವಿತ್ ಅಟ್ಯಾಚ್‌ಮೆಂಟ್ಸ್’.