ನೀರಿನ ಕರ ವಸೂಲಿ: ನೀರುಗಂಟಿಗೋ, ಮಹಿಳಾ ಸಂಘಕ್ಕೋ?

ಗದಗ, ಹಾವೇರಿ ಕಡೆಯ ಪಂಚಾಯ್ತಿಗಳು ನೀರಿನ ಕರದ ವಸೂಲಿಯನ್ನು ಯಾರಿಗೆ ವಹಿಸಬೇಕೆಂದು ತೂಗಿ ನೋಡಬೇಕು.

ನೀರುಗಂಟಿಗೆ ವಾಲ್ವ್, ಮೋಟರು, ಸೋರಿಕೆ ಎಲ್ಲ ಗೊತ್ತು. ಆದರೆ ನೀರು ಬಿಡುವವನೇ ಹಣ ಪಡೆದು ಲೆಕ್ಕವನ್ನೂ ಬರೆದರೆ ತಪ್ಪು ಹಿಡಿಯುವವರಿಲ್ಲ. ಅವನು ಜ್ವರ ಬಂದು ಮಲಗಿದರೆ ಎಲ್ಲವೂ ನಿಲ್ಲುತ್ತದೆ.

ಸಂಘದ ಹೆಣ್ಣುಮಕ್ಕಳಿಗೆ ಯಾವ ಓಣಿಯ ಕೊನೆಯ ನಳಕ್ಕೆ ನೀರು ಏರುವುದಿಲ್ಲ ಎಂಬುದು ಮೊದಲೇ ಗೊತ್ತು. ಇಲ್ಲಿನ ಅಪಾಯವೆಂದರೆ ‘ಸೇವೆ’ ಎಂದು ಪುಕ್ಕಟೆ ದುಡಿಸುವುದು, ಇದನ್ನು ಒಪ್ಪಲೇಬಾರದು. ಕಮಿಷನ್ ಎಷ್ಟೆಂದು ಠರಾವಿನಲ್ಲೇ ಬರೆಯಿರಿ. ಕ್ರಮಸಂಖ್ಯೆಯ ರಸೀದಿ ಪುಸ್ತಕ ಕೊಡಿ, ಹಣ ಪಂಚಾಯ್ತಿ ಖಾತೆಗೇ ಬೀಳಲಿ.

ನಮ್ಮ ಮತ: ನೀರು ಬಿಡುವುದು ನೀರುಗಂಟಿ, ವಸೂಲಿ ಸಂಘ.

ಮನೆಮನೆಗೆ ನಳದ ನೀರು ಕೊಡುವ ಜಲ ಜೀವನ್ ಮಿಷನ್ ಮಾರ್ಗಸೂಚಿಯಂತೆ ಊರಿನ ನೀರು ಪೂರೈಕೆ ನೋಡಿಕೊಳ್ಳುವ ನೀರು ಸಮಿತಿಯಲ್ಲಿ ಶೇ 50ರಷ್ಟು ಮಹಿಳೆಯರಿರಬೇಕು. ಆದರೆ ಕಳೆ ತೆಗೆಯುವ ಹಂಗಾಮಿನಲ್ಲಿ, ಅವರು ಹೊಲದಲ್ಲಿರುವಾಗ, ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಅವರ ಸಹಿಯಷ್ಟೇ ಸಿಗುತ್ತದೆ, ಮಾತು ಸಿಗುವುದಿಲ್ಲ.