ಆರು ಮಳೆಗಾಲ ಕಂಡ ನಮ್ಮನೆ ಆರ್‌ಸಿಸಿಬಿ

ಆರ್‌ಸಿಸಿಬಿ ಅಂದರೆ ಕರೆಂಟು ಎಲ್ಲಾದರೂ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್. ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಗೆ ಇದನ್ನು ಹಾಕಿಸಿ ಆರು ಮಳೆಗಾಲ ಕಳೆಯಿತು. ಎರಡು ಪೋಲ್, 40 ಆಂಪ್, 30 ಮಿಲಿಆಂಪ್‌ನದ್ದು. ನಮ್ಮೂರ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಇವತ್ತಿಗೂ ಇದು ಇಎಲ್‌ಸಿಬಿಯೇ.

ಹಾಕಿಸಿದ್ದು ಬಚ್ಚಲಿನ ನಲ್ಲಿಯ ದೆಸೆಯಿಂದ. ಮುಟ್ಟಿದರೆ ಜುಮ್ ಅನ್ನುತ್ತಿತ್ತು. ‘ಒದ್ದೆ ಕೈ ಅಲ್ವಾ, ಹಾಗನ್ಸುತ್ತೆ’ ಅಂತ ಅಮ್ಮ ಒಂದು ವರ್ಷ ತಳ್ಳಿದ್ದಳು.

ಮೊದಲ ವಾರ ದಿನಕ್ಕೆ ಎರಡು ಸಲ ಟ್ರಿಪ್. ಹಾಕಿಕೊಟ್ಟವನೇ ಬಂದು ‘ಪೀಸ್ ಸರಿ ಇಲ್ಲ ಸಾರ್, ಬೈಪಾಸ್ ಮಾಡ್ಬಿಡ್ಲಾ?’ ಅಂದ. ಬೇಡ ಅಂದೆ. ಮನೆಯ ಪ್ಲಗ್‌ಗಳನ್ನೆಲ್ಲ ಕಿತ್ತು, ಒಂದೊಂದಾಗಿ ಚುಚ್ಚುತ್ತಾ ಬಂದೆ. ಗೀಸರ್ ಚುಚ್ಚಿದ ಕೂಡಲೇ ಟಪ್. ಬಿಚ್ಚಿಸಿ ನೋಡಿದರೆ ಕಾಯಿಲ್ ಮೇಲೆ ಕೂದಲೆಳೆಯಷ್ಟು ಬಿರುಕು, ಸುತ್ತ ಹಸಿರು ಕಿಲುಬು. ಕಾಯಿಲ್ ಬದಲಾಯಿಸಿದ ಮೇಲೆ ನಲ್ಲಿಯೂ ಸುಮ್ಮನಾಯಿತು.

ಇದರ ಲೆಕ್ಕ ಸರಳ. ಫೇಸ್‌ನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಲೆಕ್ಕದಲ್ಲಿ 30 ಮಿಲಿಆಂಪ್ ಕಮ್ಮಿ ಬಂತೋ, ಎಲ್ಲೋ ಸೋರುತ್ತಿದೆ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅರ್ಥಿಂಗ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ, ಆದರೆ ಸಾಮಾನ್ಯವಾಗಿ ಯಾರಾದರೂ ಮುಟ್ಟಿದ ಮೇಲೆ! ಅದಕ್ಕೇ ಅದೇ ವಾರ ಅರ್ಥಿಂಗ್ ಗುಂಡಿಯನ್ನೂ ಹೊಸದಾಗಿ ತೋಡಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ಎರಡು ಕೊಡ ನೀರು ಹುಯ್ಯುವುದು ನನ್ನ ಪಾಲಿನ ಕೆಲಸ.

ಎರಡನೇ ವರ್ಷ ಇನ್ವರ್ಟರ್ ಬಂತು, ತಲೆನೋವೂ ಬಂತು. ಫ್ಯಾನ್ ಹಾಕಿದರೂ ಟ್ರಿಪ್. ಕೊನೆಗೆ ಗೊತ್ತಾಗಿದ್ದು, ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿಗಿಂತ ಹಿಂದಿನ, ಅಂದರೆ ಮೀಟರ್ ಕಡೆಯ, ನ್ಯೂಟ್ರಲ್‌ಗೆ ಸೇರಿಸಿದ್ದರು; ವಾಪಸ್ ಬರುವ ಕರೆಂಟು ಇದರ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ವೈರಿಂಗ್ ಸರಿ ಮಾಡಿಸಿದ ಮೇಲೆ ಆ ಕಾಟ ತಪ್ಪಿತು. ಆದರೂ ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ಉರಿಯುವ ಲೈನ್‌ಗಳಿಗೆ ನಮ್ಮ ಮನೆಯಲ್ಲಿ ಇದರ ಕಾವಲಿಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ಇನ್ನು ನನ್ನ ದೊಡ್ಡ ದೂರು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಸುಮ್‌ಸುಮ್ನೆ ಬೀಳುತ್ತದೆ, ಬಿದ್ದರೆ ಇಡೀ ಮನೆ ಕತ್ತಲು. ಒಮ್ಮೆ ಮೂರು ದಿನ ಮದುವೆಗೆ ಹೋಗಿ ಬಂದು ಬಾಗಿಲು ತೆಗೆದರೆ ಫ್ರಿಜ್‌ನಿಂದ ಗಬ್ಬು ನಾತ. ಒಂದು ಸ್ಟಾರ್ ಅಲ್ಲೇ ಕಟ್. ಹೋದ ವರ್ಷ ಫ್ರಿಜ್‌ಗೆ ಬೇರೆ ಲೈನ್ ಎಳೆಸಿ ಆರ್‌ಸಿಬಿಒ (ಸೋರಿಕೆಗೂ ಓವರ್‌ಲೋಡ್‌ಗೂ ಕಡಿಯುವ ಒಂದೇ ಸ್ವಿಚ್) ಹಾಕಿಸಿದೆ. ದುಡ್ಡು ಜಾಸ್ತಿ, ಆದರೆ ಈಗ ಬೇರೆಯವರ ತಪ್ಪಿಗೆ ಫ್ರಿಜ್ ಆರುವುದಿಲ್ಲ. ಹೊಸ ಮನೆ ಕಟ್ಟಿಸುವವರು ಶುರುವಿನಲ್ಲೇ ಹೀಗೆ ಮಾಡಿಸಿ.

ಇದೊಂದಿದ್ದರೆ ಸಾಕು ಅಂದುಕೊಳ್ಳಬೇಡಿ. ಓವರ್‌ಲೋಡ್, ಶಾರ್ಟ್ ಸರ್ಕಿಟ್‌ಗೆ ಎಂಸಿಬಿ ಬೇಕೇ ಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ನಿಂತರೆ ಇದಕ್ಕೆ ನೀವೂ ಒಂದು ಬಲ್ಬೇ.

ತಿಂಗಳ ಮೊದಲ ಭಾನುವಾರ ಟೆಸ್ಟ್ ಬಟನ್ ಒತ್ತುತ್ತೇನೆ. ಲಿವರ್ ಟಪ್ಪಂತ ಕೆಳಗೆ ಬೀಳಬೇಕು, ಬೀಳದಿದ್ದರೆ ಬದಲಾಯಿಸಬೇಕು. ಇಲ್ಲಿಯವರೆಗೆ ಒಮ್ಮೆಯೂ ತಪ್ಪಿಲ್ಲ. ಮೊದಮೊದಲು ಧಾರಾವಾಹಿ ನಿಂತಿತು ಅಂತ ಬೈಯುತ್ತಿದ್ದ ಅಮ್ಮ, ಈಗ ತಾನೇ ಟಿವಿ ಆರಿಸಿ ‘ಹೂಂ, ಒತ್ತು’ ಅನ್ನುತ್ತಾಳೆ.