ಎರಡು ಚಳಿಗಾಲ, ಒಂದು ಶ್ರಾವಣ: ಅವ್ವನ ಖೋಲಿಯ ಬೆಚ್ಚನೆಯ ನೆಲ

ಬೆಳಿಗ್ಗೆ ಐದೂವರೆಗೆ ಎದ್ದು ಚಹಾ ಕುಡಿದು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕೂತು ಬತ್ತಿ ಹೊಸೆಯುವುದು ನಮ್ಮ ಅವ್ವನ ರೂಢಿ. ನನಗೆ ತಿಳಿವಳಿಕೆ ಬಂದಾಗಿನಿಂದ ಹೀಗೇ ನೋಡಿದ್ದೇನೆ. ಮೊಣಕಾಲು ನೋವು ಶುರುವಾದ ಮೇಲೆ ಅದು ನಿಂತುಹೋಯಿತು. ಧಾರವಾಡದ ಚಳಿ ಅಷ್ಟೇನು ದೊಡ್ಡದಲ್ಲ ಅನ್ನಬಹುದು. ಆದರೆ ಡಿಸೆಂಬರ್ ಬೆಳಗಿನ ಜಾವ ಹಳೆ ಮನೆಯ ಪರಸಿ ಕಲ್ಲಿನ ಮೇಲೆ ಬರಿಗಾಲು ಇಟ್ಟು ನೋಡಿ. ಕುರ್ಚಿ ತಂದುಕೊಟ್ಟೆವು. ಹತ್ತಿಯೆಲ್ಲ ಕೆಳಗೆ ಬೀಳುತ್ತಿತ್ತು. ಒಂದು ವಾರ ನೋಡಿ, ಅವ್ವ ಹತ್ತಿ ಡಬ್ಬಿಯನ್ನೇ ಕಪಾಟಿನಲ್ಲಿ ಇಟ್ಟುಬಿಟ್ಟಳು.

ಆ ಡಬ್ಬಿಗಾಗಿಯೇ ನಾನು 2023ರ ನವೆಂಬರ್‌ನಲ್ಲಿ ಅವಳ ಖೋಲಿಯ ನೆಲದ ಕೆಳಗೆ ಕರೆಂಟಿನ ಹೀಟಿಂಗ್ ಮ್ಯಾಟ್, ಅಂದರೆ ಕಾಯುವ ವೈರ್ ಇರುವ ತೆಳ್ಳನೆ ಹಾಸು, ಹಾಕಿಸಿದೆ.

ನಮ್ಮದು ಹೊಸಯಲ್ಲಾಪುರದ ಓಣಿಯ ಹಳೆ ಮನೆ. ದಪ್ಪ ಮಣ್ಣಿನ ಗೋಡೆ, ಮೇಲೆ ಹಂಚು, ಕೆಳಗೆ ಶಹಾಬಾದ್ ಪರಸಿ. ಮೊದಲು ರೂಮ್ ಹೀಟರ್ ಇಟ್ಟು ನೋಡಿದ್ದೆವು. 2000 ವ್ಯಾಟ್ ಎಳೆಯುತ್ತದೆ. ಬಿಸಿ ಗಾಳಿ ಮೇಲಕ್ಕೆ ಹೋಗಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ನೆಲ ಹಾಗೇ ತಣ್ಣಗೆ. ಬಿಸಿನೀರಿನ ಪೈಪ್ ಹಾಕುವ ಪದ್ಧತಿಯೂ ಇದೆ. ಅದಕ್ಕೆ ಮೇಲೆ ಎರಡು-ಮೂರು ಇಂಚು ಕಾಂಕ್ರೀಟ್ ಬೇಕು. ನೆಲ ಅಷ್ಟು ಎತ್ತರ ಆದರೆ ತೇಗದ ಬಾಗಿಲು ಕೊಯ್ಯಬೇಕು, ಹೊಸ್ತಿಲು ನೆಲದಲ್ಲಿ ಹೂತುಹೋಗುತ್ತದೆ. ದಿನಾ ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲು ಅದು. ಹಾಗಾಗಿ ಕರೆಂಟಿನ ಮ್ಯಾಟ್. ಕೆಲವೇ ಮಿಲಿಮೀಟರ್ ದಪ್ಪ, ಒಂದು ಚದರ ಮೀಟರ್‌ಗೆ 150 ವ್ಯಾಟ್. ಇಡೀ ಖೋಲಿಗೆ ಹಾಕಿಸಲಿಲ್ಲ. ಅವ್ವ ಕೂಡುವ ಗೋಡೆ ಬದಿ ನಾಲ್ಕು ಚದರ ಮೀಟರ್ ಮಾತ್ರ, ಅಂದರೆ 600 ವ್ಯಾಟ್. ಹೊರಸಿನ ಕೆಳಗೆ, ಟ್ರಂಕಿನ ಕೆಳಗೆ ಕಾಯಿಸಿ ಏನು ಪ್ರಯೋಜನ ಅಲ್ವಾ?

ಮೊದಲ ಚಳಿಗಾಲದ ಸಂಕಟ ಹೇಳಿಬಿಡುತ್ತೇನೆ. ಕೆಲಸ ಹಿಡಿದವರು ಕಲ್ಲು ಎತ್ತಿದರು. ಕೆಳಗೆ ಬರೀ ಗರಸು ಮತ್ತು ಮಣ್ಣು. ಅದರ ಮೇಲೆ ತೆಳ್ಳಗೆ ಸಿಮೆಂಟ್ ಎಳೆದು, ಮ್ಯಾಟ್ ಹಾಸಿ, ಕಲ್ಲು ಕೂರಿಸಿ ಹೋದರು. ನೆಲ ಬೆಚ್ಚಗಾಗಲು ಎರಡು ತಾಸು ಬೇಕಾಗುತ್ತಿತ್ತು. ಆಮೇಲೂ ಬೆಚ್ಚಗೆ ಅಂದರೆ ಬೆಚ್ಚಗೆ ಅಲ್ಲ, ತಣ್ಣಗಿಲ್ಲ ಅಷ್ಟೇ. ಥರ್ಮೋಸ್ಟಾಟ್‌ನಲ್ಲಿ 28 ಡಿಗ್ರಿ ಇಟ್ಟಿದ್ದೆ. ನೆಲ ಅಲ್ಲಿಗೆ ಮುಟ್ಟಿದ್ದೇ ಇಲ್ಲ. ಮುಟ್ಟದಿದ್ದರೆ ಅದು ತಾನಾಗಿ ಬಂದ್ ಆಗುವುದಿಲ್ಲ. ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ಸುಮ್ನೆ ಉರಿಯಿತು. ದಿನಕ್ಕೆ ಹತ್ತಿರ ಹತ್ತಿರ ಐದು ಯೂನಿಟ್.

ನಮ್ಮ ಮನೆ ಖರ್ಚು ತಿಂಗಳಿಗೆ 120 ಯೂನಿಟ್ ಆಜುಬಾಜು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿತ್ತು. ಜನವರಿಯಲ್ಲಿ 260 ದಾಟಿತು. 200 ದಾಟಿದರೆ ರಿಯಾಯಿತಿ ಪೂರ್ತಿ ಹೋಗುತ್ತದೆ, ಮೊದಲ ಯೂನಿಟ್‌ನಿಂದ ದುಡ್ಡು ಕಟ್ಟಬೇಕು. ನನ್ನದು ತಿಂಗಳ ಸಂಬಳದ ಬದುಕು, ಬಿಲ್ ನೋಡಿ ನಿಜಕ್ಕೂ ಬೇಜಾರಾಯಿತು. ಅದಕ್ಕಿಂತ ಜಾಸ್ತಿ ಬೇಜಾರಾದದ್ದು, ಅವ್ವ ಬಿಲ್ ವಿಷಯ ಕೇಳಿ ತಾನೇ ಸ್ವಿಚ್ ತೆಗೆಯಲು ಶುರು ಮಾಡಿದಾಗ. "ಬ್ಯಾಡ ಬಿಡಪಾ, ನಾ ಹೊರಸಿನ ಮ್ಯಾಲ ಕುಂದರ್ತೇನಿ" ಅಂದಳು.

ತಪ್ಪು ಎಲ್ಲಿದೆ ಅಂತ ಆಮೇಲೆ ಮ್ಯಾಟಿನ ಪುಸ್ತಿಕೆ ಕೂತು ಓದಿದೆ. ಮ್ಯಾಟ್ ಕೆಳಗೆ ಶಾಖ ತಡೆಯುವ ಬೋರ್ಡ್ ಹಾಕಬೇಕಿತ್ತು. ಬೋರ್ಡ್ ಇಲ್ಲದಿದ್ದರೆ ಬಿಸಿ ಮೇಲಷ್ಟೇ ಬರುವುದಿಲ್ಲ, ಕೆಳಗೂ ಇಳಿಯುತ್ತದೆ. ಹೊಸ ಮನೆಯಲ್ಲಿ ಕೆಳಗೆ ಕಾಂಕ್ರೀಟ್ ಆದರೂ ಇರುತ್ತದೆ. ನಮ್ಮಲ್ಲಿ ಕೆಳಗಿದ್ದದ್ದು ಹಸಿ ಮಣ್ಣು. ಒದ್ದೆ ಮಣ್ಣು ಶಾಖವನ್ನು ಒಣ ಮಣ್ಣಿಗಿಂತ ಬೇಗ ಎಳೆದುಕೊಳ್ಳುತ್ತದೆ. ಎರಡು ತಿಂಗಳು ನಾನು ಕಾಯಿಸಿದ್ದು ಧಾರವಾಡದ ಭೂಮಿಯನ್ನು. ಮಾರಿದವರು ಬೋರ್ಡಿನ ಹೆಸರೇ ಎತ್ತಿರಲಿಲ್ಲ. ಅವರು ನಮ್ಮ ನೆಲ ಎಂಥದ್ದು ಅಂತ ಕೇಳಿಯೂ ಇರಲಿಲ್ಲ.

2024ರ ಯುಗಾದಿ ಕಳೆದ ಮೇಲೆ ಎಲ್ಲ ಕಿತ್ತು ಮತ್ತೆ ಮಾಡಿಸಿದೆ. ಸಿಮೆಂಟಿನಲ್ಲಿ ಕೂತ ಮ್ಯಾಟ್ ವಾಪಸ್ ಬರುವುದಿಲ್ಲ, ಅದು ಹಾಳಾಯಿತು. ಈ ಸಲ ಓಣಿಯ ಹಳೆ ಗೌಂಡಿಯನ್ನೇ ಕರೆದೆ. ಅವರು ಕಲ್ಲು ಎತ್ತುವ ಮೊದಲು ಒಂದೊಂದಕ್ಕೂ ಸುಣ್ಣದ ಕಡ್ಡಿಯಿಂದ ನಂಬರ್ ಬರೆದರು. "ಸರ್ರ, ಈ ಕಲ್ಲು ಸವೆದದ್ದು ನಿಮ್ಮ ಮನಿ ಮಂದಿ ಕಾಲಿನಿಂದ. ಇಂಥಾದ್ದು ಅಂಗಡ್ಯಾಗ ಸಿಗಂಗಿಲ್ಲ" ಅಂದರು. ನೆಲ ಎತ್ತರಿಸುವ ಬದಲು ಗರಸನ್ನೇ ನಾಲ್ಕು ಇಂಚು ಆಳ ತೆಗೆದರು. ದಮ್ಮಸು ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಕಾಂಕ್ರೀಟ್ ಹಾಕಿ, ಅದರ ಮೇಲೆ ಬೋರ್ಡ್, ಮ್ಯಾಟ್, ಆಮೇಲೆ ಅದೇ ಹಳೆ ಕಲ್ಲು. ಹೊಸ್ತಿಲು ಇದ್ದಲ್ಲೇ ಇದೆ. ಎರಡು ಕಲ್ಲು ಒಡೆದವು, ಅವನ್ನು ಮೂಲೆಗೆ ಹಾಕಿಸಿದೆ.

ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ಮೂರು ಸಲ ಮ್ಯಾಟಿನ ಓಮ್ (ವೈರಿನ ರೋಧ) ಅಳೆದರು: ಹಾಸುವ ಮೊದಲು, ಹಾಸಿದ ಮೇಲೆ, ಕಲ್ಲು ಕೂರಿಸಿದ ಮೇಲೆ. ಕರಣಿಯ ತುದಿ ತಾಗಿ ವೈರ್ ಕಡಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕಲ್ಲಿನ ಕೆಳಗೆ ಹೋದ ಮೇಲೆ ಗೊತ್ತಾದರೆ ಮತ್ತೆ ಅಗೆಯಬೇಕು. ನೀವು ಮಾಡಿಸಿದರೆ ಇದನ್ನು ಮಾತ್ರ ಬಿಡಬೇಡಿ. ನಮ್ಮ ಹಳೆ ವೈರಿಂಗಿಗೆ ಅರ್ಥಿಂಗೇ ಸರಿ ಇರಲಿಲ್ಲ. ಹೊಸ ಅರ್ಥಿಂಗ್, ಬೇರೆ ಲೈನ್, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಬಂದ್ ಮಾಡುವ ಸ್ವಿಚ್), ಎಲ್ಲ ಹಾಕಿಸಿದೆ. ಇನ್ವರ್ಟರ್‌ಗೆ ಜೋಡಿಸಿಲ್ಲ. ಕರೆಂಟ್ ಹೋದರೂ ಕಲ್ಲು ಕಾಯ್ದಿದ್ದರೆ ಒಂದು ತಾಸು ಬೆಚ್ಚಗೇ ಇರುತ್ತದೆ. ಎರಡೂ ಸಲದ್ದು ಸೇರಿ 68 ಸಾವಿರ ಹೋಯಿತು. ಮೊದಲೇ ಸರಿಯಾಗಿ ಮಾಡಿಸಿದ್ದರೆ 40 ಸಾವಿರದಲ್ಲಿ ಮುಗಿಯುತ್ತಿತ್ತು.

ಕಾಂಕ್ರೀಟ್ ಪೂರ್ತಿ ಒಣಗಲಿ ಅಂತ ಒಂದು ತಿಂಗಳು ಸ್ವಿಚ್ ಮುಟ್ಟಲಿಲ್ಲ. ಆಮೇಲೆ ಬೇಸಿಗೆ. ಚಳಿಗಾಲದ ತನಕ ಇದರ ಕೆಲಸವಿಲ್ಲ ಅಂದುಕೊಂಡಿದ್ದೆ.

ಶ್ರಾವಣ ಬಂತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ವಾರಗಟ್ಟಲೆ ಬಿಸಿಲೇ ಇಲ್ಲ. ಕಲ್ಲು ಬೆವರಲು ಶುರುವಾಯಿತು. ಗಾಳಿಯಲ್ಲಿ ಅಷ್ಟು ಪಸೆ ಇದ್ದು ಕಲ್ಲು ತಣ್ಣಗಿದ್ದರೆ ನೀರು ಅದರ ಮೇಲೆ ಕೂಡುತ್ತದೆ. ಒಂದು ಬೆಳಿಗ್ಗೆ ಅವ್ವ ಜಾರಿ ಗೋಡೆ ಹಿಡಿದುಕೊಂಡಳು. ನಾನು ಗಾಬರಿಯಾಗಿ ಮ್ಯಾಟ್ ಆನ್ ಮಾಡಿದೆ. ಅರ್ಧ ತಾಸಿನಲ್ಲಿ ಆ ಜಾಗ ಒಣಗಿತು. ಒಣಗಿದ್ದಷ್ಟೇ ಅಲ್ಲ, ಅಂಗೈ ಇಟ್ಟರೆ ಹಿತವಾಗಿತ್ತು. ಅವ್ವನೂ ಕೈ ಇಟ್ಟು ನೋಡಿದಳು. "ನೆಲಕ್ಕ ಸಣ್ಣಂಗ ಜ್ವರ ಬಂದಂಗ ಆಗೇತಿ ನೋಡು" ಅಂದಳು. ನಿಧಾನಕ್ಕೆ ಗೋಡೆ ಹಿಡಿದು ಕೂತಳು. ಕಾಲು ಚಾಚಿದಳು. ಸ್ವಲ್ಪ ಹೊತ್ತಾದ ಮೇಲೆ ಕಪಾಟಿನ ಡಬ್ಬಿ ಕೊಡು ಅಂದಳು.

ಮಳೆಗಾಲದಲ್ಲಿ ಹತ್ತಿ ಪಸೆ ಹಿಡಿಯುತ್ತದೆ, ಎಳೆ ಸರಿಯಾಗಿ ಬರುವುದಿಲ್ಲ. ಅವ್ವ ಹತ್ತಿಯನ್ನು ಬಿಡಿಸಿ, ಒಂದು ತಾಟಿನಲ್ಲಿ ಹರಡಿ, ಆ ಕಲ್ಲಿನ ಮೇಲೆ ಇಡುತ್ತಾಳೆ. ತಾನು ಚಹಾ ಕುಡಿಯುತ್ತಾಳೆ. ಚಹಾ ಮುಗಿಯುವಷ್ಟರಲ್ಲಿ ಹತ್ತಿ ಹಗುರ ಆಗಿರುತ್ತದೆ. ಬೆರಳಿಗೆ ವಿಭೂತಿ ಹಚ್ಚಿಕೊಂಡು ಒಂದೊಂದೇ ಹೂಬತ್ತಿ ತಿರುವಿ ಇಡುತ್ತಾಳೆ. ಆ ಶ್ರಾವಣದಲ್ಲೇ ಲಕ್ಷಬತ್ತಿ ಮಾಡುವ ಸಂಕಲ್ಪ ಮಾಡಿದಳು. ಆಜುಬಾಜಿನ ಮನೆಯ ಕಾಕು, ವೈನಿ ಅವರೂ ಬಂದು ಕೂಡುತ್ತಾರೆ. ನಾಲ್ಕು ಚದರ ಮೀಟರ್‌ನಲ್ಲಿ ಐದು ಮಂದಿ ಹಿಡಿಸುತ್ತಾರೆ.

ಕೊರಿಯಾದಲ್ಲಿ ಹಿಂದೆ ಒಲೆಯ ಹೊಗೆಯನ್ನು ಕಲ್ಲಿನ ನೆಲದ ಕೆಳಗೆ ಹರಿಸಿ ಮನೆ ಕಾಯಿಸುತ್ತಿದ್ದರು, ಅದಕ್ಕೆ ಒಂಡೋಲ್ ಅನ್ನುತ್ತಾರೆ ಅಂತ ಅವರಿಗೆ ಹೇಳಿದೆ. ಅವ್ವನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ಬಾಣಂತಿ ಹೊರಸಿನ ಕೆಳಗ ಕೆಂಡ ಇಡ್ತಿದ್ವಿ. ನೀ ಹುಟ್ಟಿದಾಗ ಇದ ಖೋಲ್ಯಾಗ ಇಟ್ಟಿದ್ರು" ಅಂದಳು.

ಎರಡನೇ ಚಳಿಗಾಲ ಸುಸೂತ್ರ. ಐದಕ್ಕೆ ಟೈಮರ್ ಆನ್ ಆಗುತ್ತದೆ, ಆರಕ್ಕೆ ನೆಲ 27 ಡಿಗ್ರಿ. ಆಮೇಲೆ ಟಕ್ ಅಂತ ಬಂದ್ ಆಗುತ್ತದೆ, ಬೇಕಾದಾಗ ತಾನೇ ಹತ್ತುತ್ತದೆ. ದಿನಕ್ಕೆ ಒಂದೂವರೆ ಯೂನಿಟ್. ತಿಂಗಳ ಒಟ್ಟು ಲೆಕ್ಕ 170ರ ಒಳಗೆ, ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಗೊತ್ತುಮಾಡಿದ ಉಚಿತ ಯೂನಿಟ್‌ಗಿಂತ ಹೆಚ್ಚು ಬಳಸಿದ್ದಕ್ಕಷ್ಟೇ ದುಡ್ಡು. ಅವ್ವ ಈಗ ಸ್ವಿಚ್ ತೆಗೆಯುವುದಿಲ್ಲ.

ಒಂದು ಕೊರಗು ಮಾತ್ರ ಉಳಿದಿದೆ. ಈ ನೆಲದ ಮೇಲೆ ದಪ್ಪ ಹಾಸಿಗೆ ಹಾಸಬಾರದು. ಶಾಖ ಅಡಿಯಲ್ಲೇ ಸಿಕ್ಕಿಕೊಂಡು ಆ ಜಾಗ ಅತಿಯಾಗಿ ಕಾಯುತ್ತದೆ. ಅಪ್ಪ ತಂದಿದ್ದ ನವಲಗುಂದದ ಜಮಖಾನ ಆ ಗೋಡೆ ಬದಿಯಲ್ಲೇ ಇರುತ್ತಿತ್ತು. ಅದನ್ನು ಮಡಿಚಿ ಟ್ರಂಕಿನಲ್ಲಿ ಇಟ್ಟಿದ್ದೇವೆ. ಅವ್ವ ಮೊದಮೊದಲು ಕೌದಿ ನಾಲ್ಕು ಮಡಿಕೆ ಮಾಡಿ ಹಾಕಿಕೊಳ್ಳುತ್ತಿದ್ದಳು, ಈಗ ತೆಳ್ಳನೆ ಚಾಪೆ ಸಾಕು ಅನ್ನುತ್ತಾಳೆ.

ಇಡೀ ಮನೆಗೆ ಹಾಕಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ನಮ್ಮ ಹವಾಕ್ಕೆ ಅದು ಬೇಡ. ವಯಸ್ಸಾದವರು ಕೂಡುವ ಒಂದು ಜಾಗಕ್ಕೆ ಹಾಕಿಸಿ ಅಂತ ಖಂಡಿತ ಹೇಳುತ್ತೇನೆ. ಈಗ ಅವ್ವ ಪಡಸಾಲೆಗೂ ಒಂದು ತುಂಡು ಹಾಕಿಸು ಅನ್ನುತ್ತಿದ್ದಾಳೆ, ಮಂದಿ ಜಾಸ್ತಿ ಆಗುತ್ತಾರಂತೆ. ಮ್ಯಾಟಿನ ರೇಟ್ ಇನ್ನೂ ಕೇಳಿಲ್ಲ. ಗೌಂಡಿಗೆ ಹೇಳಿದ್ದೇನೆ, ಬರುವ ಸೋಮವಾರ ಪಡಸಾಲೆಯ ಒಂದು ಕಲ್ಲು ಎತ್ತಿ ಕೆಳಗೆ ಏನಿದೆ ಅಂತ ಮೊದಲು ನೋಡುತ್ತೇವೆ.